ಪರದೆ ಸಮೇತ ಒಂದು ಕಿಟಕಿ

ನಮ್ಮ ವಿಶ್ವವಿದ್ಯಾಲಯದ ಗೋಡೆಗಳನ್ನು ಹತ್ತಿರ ನಿಂತು ನೋಡಿದರೆ ಅಡ್ಡಡ್ಡ ಬಣ್ಣದ ಗೆರೆಗಳು ಕಾಣುತ್ತವೆ. ಒಂದು ಎದೆಯ ಮಟ್ಟಕ್ಕೆ, ಇನ್ನೊಂದು ತಲೆಯ ಮಟ್ಟಕ್ಕೆ, ಎಲ್ಲೋ ಒಂದು ಕಡೆ ಛಾವಣಿಗೆ ಇನ್ನೊಂದು ಗೇಣು ಎನ್ನುವಷ್ಟು ಮೇಲೆ. ಹೊಸಬರು ಅದನ್ನು ತೇವದ ಗುರುತು ಅಂದುಕೊಳ್ಳುತ್ತಾರೆ. ಅಲ್ಲ. ಅವು ಬಂದುಹೋದ ಅತಿಥಿಗಳ ಎತ್ತರ.

ಈ ಗೆರೆಗಳನ್ನು ಎಳೆದವನು ಸುಣ್ಣಪ್ಪ. ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಕರೆದರೆ ಅವನೇ ಹಿಂದೆ ತಿರುಗಿ ಯಾರನ್ನು ಅಂತ ನೋಡುತ್ತಾನೆ. ಸಣ್ಣ ವಯಸ್ಸಿನಲ್ಲಿ ಪೇಂಟರ್ ಆಗಿ ಸೇರಿದವನು, ಈಗ ಕೂದಲು ಬೆಳ್ಳಗಾಗಿದೆ. ಎಷ್ಟು ವಯಸ್ಸಿನಿಂದ, ಎಷ್ಟು ಬಣ್ಣದಿಂದ ಎಂದು ಅವನ ಹೆಂಡತಿಗೂ ಖಚಿತವಿಲ್ಲ.

ಬಿರುಗಾಳಿ ಬಂದ ವರ್ಷದವರೆಗೆ ಸುಣ್ಣಪ್ಪನಿಗೆ ಒಂದು ಕಟ್ಟಡಕ್ಕೂ ಪೂರ್ತಿ ಬಣ್ಣ ಹೊಡೆಯುವ ಭಾಗ್ಯ ಸಿಕ್ಕಿರಲಿಲ್ಲ. ಯಾರೋ ದೊಡ್ಡವರು ಬರುತ್ತಾರೆ ಎಂದಾಗ ಮಾತ್ರ ಡಬ್ಬಿ ತೆರೆಯುತ್ತದೆ, ಅದೂ ಅವರು ನಡೆಯುವ ದಾರಿಗೆ, ಅವರ ಕಣ್ಣು ಹೋಗುವಷ್ಟಕ್ಕೆ. ಹಾಗಾಗಿ ಸುದ್ದಿ ಬಂದ ಕೂಡಲೇ ಅವನು ಕುಲಸಚಿವರ ಕೋಣೆಗೆ ಹೋಗಿ ಕೈಕಟ್ಟಿ ನಿಲ್ಲುತ್ತಾನೆ.

"ಸಾರ್, ಬರೋರ ಎತ್ತರ ಎಷ್ಟು?"

"ನನ್ನ ಭುಜಕ್ಕೆ ಬರ್ತಾರೆ ಕಣಯ್ಯ."

"ಒಳ್ಳೇದಾಯ್ತು ಸಾರ್. ಎರಡು ಡಬ್ಬಿ ಉಳೀತು."

ಒಮ್ಮೆ ಒಬ್ಬ ಅತಿಥಿ ಅಂಗಳದಲ್ಲಿ ಹಕ್ಕಿಯ ಕೂಗು ಕೇಳಿ ತಲೆ ಎತ್ತಿ ನೋಡಿಬಿಟ್ಟಿದ್ದರಂತೆ. ಸುಣ್ಣಪ್ಪ ಅದನ್ನು ಇವತ್ತಿಗೂ ಮರೆತಿಲ್ಲ. "ಬಂದ ಕೆಲಸ ಬಿಟ್ಟು ಆಕಾಶ ನೋಡೋಕೆ ಹೋದ್ರೆ ನಾನೇನು ಮಾಡ್ಲಿ?" ಎನ್ನುತ್ತಾನೆ.

ಆ ವರ್ಷ ಬಿರುಗಾಳಿ ಬಂದಿದ್ದು ಮಧ್ಯಾಹ್ನ, ಪರೀಕ್ಷೆ ಇಲ್ಲದ ದಿನ. ಮೊದಲು ಮರಗಳೆಲ್ಲ ಒಂದೇ ಕಡೆ ಬಾಗಿ ಏನನ್ನೋ ಕೇಳಿಸಿಕೊಳ್ಳುವಂತೆ ನಿಂತವು. ಆಮೇಲೆ ಗ್ರಂಥಾಲಯದ ಮಹಡಿಯ ಪಶ್ಚಿಮದ ಕಿಟಕಿಗಳು ಚೌಕಟ್ಟಿನ ಸಮೇತ ಕಿತ್ತು ಬಂದವು. ರಸಾಯನಶಾಸ್ತ್ರದ ಗೋಡೆಯ ಮೇಲೆ ಒಂದು ಮುದಿಮರ ನಿಧಾನವಾಗಿ, ಸುಸ್ತಾದವರು ಒರಗಿಕೊಳ್ಳುವ ಹಾಗೆ ಒರಗಿತು. ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು. ಕೊನೆಗೆ ಗಾಳಿ ಹಿಂಬದಿಯ ಕೆಲಸಗಾರರ ಸಾಲುಮನೆಗಳ ಕಡೆ ತಿರುಗಿ, ತಗಡುಗಳನ್ನು ಇಸ್ಪೀಟು ಎಲೆಯ ಹಾಗೆ ಎತ್ತಿಕೊಂಡು ಹೋಯಿತು.

ಸುಣ್ಣಪ್ಪನ ಮನೆಯ ತಗಡು ಆಟದ ಮೈದಾನದ ಗೋಲು ಕಂಬಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಗಳ ಮನೆಯಲ್ಲೇ ಇರುವವರು, ಮಂಚದ ಕೆಳಗಿನಿಂದ ಎದ್ದು ಬಂದು ಅದನ್ನು ನೋಡಿದರು.

"ಅಳಿಯಂದ್ರೇ, ಕೊನೆಗೂ ನಮ್ಮ ಮನೆ ಒಂದು ಗೋಲು ಹೊಡೀತು."

ಸಾಲಿನ ಉಳಿದವರು ನೆಂಟರ ಮನೆಗಳಿಗೆ ಹೋದರು. ಸುಣ್ಣಪ್ಪನಿಗೆ ಇದ್ದ ಒಬ್ಬರೇ ನೆಂಟರು ಅತ್ತೆ, ಅವರು ಆಗಲೇ ಇವನ ಮನೆಯಲ್ಲಿದ್ದರು. ಭೂಗೋಳ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಭೂಗೋಳದ ಮೇಡಂ ಎನ್ನುವವರು, ಕನಿಕರಪಟ್ಟು ತಮ್ಮ ವಿಭಾಗದ ನಕಾಶೆ ಕೋಣೆಯ ಬೀಗದ ಕೈ ಕೊಟ್ಟರು. ಪಾಠದ ಕಟ್ಟಡದಲ್ಲಿ ಯಾರೂ ವಾಸ ಮಾಡುವಂತಿಲ್ಲ, ನಿಯಮವಿದೆ. ಕುಲಸಚಿವರು ನೋಡಿಯೂ ನೋಡದ ಹಾಗಿದ್ದರು. "ನಾನು ಅಲ್ಲಿಗೆ ಬರಲ್ಲ, ನೀನು ಅಲ್ಲಿ ಇಲ್ಲ. ತಿಳೀತಾ?" ಎಂದು ಸುಣ್ಣಪ್ಪನಿಗೆ ಹೇಳಿದ್ದರು.

ನಕಾಶೆ ಕೋಣೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಉರುಳೆಯಾಗಿ ಸುತ್ತಿದ ನಕಾಶೆಗಳು ಒಂದು ಗೋಡೆಗೆ, ಇನ್ನೊಂದು ಗೋಡೆಗೆ ಆಳೆತ್ತರದ ಪ್ರಪಂಚದ ಪಟ. ಅದರ ಮುಂದೆ ಹಗ್ಗ ಕಟ್ಟಿ ಸುಣ್ಣಪ್ಪನ ಹೆಂಡತಿ ಬಟ್ಟೆ ಒಣಹಾಕಿದಳು. ಅತ್ತೆಯ ಸೀರೆ ಎರಡು ಸಾಗರಗಳನ್ನು ದಾಟಿ ನಿಲ್ಲುತ್ತಿತ್ತು. ಹೊರಳುವ ದೊಡ್ಡ ಗೋಳದ ಮೇಲೆ ಅವರು ಕನ್ನಡಕ ಇಡುತ್ತಿದ್ದರು. ಆಮೇಲೆ ಯಾರೋ ಗೋಳ ತಿರುಗಿಸಿದರೆ, "ನನ್ನ ಕನ್ನಡಕ ಈಗ ಯಾವ ದೇಶಕ್ಕೆ ಹೋಯ್ತು?" ಎಂದು ಕೂಗುತ್ತಿದ್ದರು.

ತೊಂದರೆ ಒಂದೇ. ನಕಾಶೆ ಕೋಣೆಗೂ ತರಗತಿಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಅಡ್ಡಗೋಡೆ. ಈ ಕಡೆ ಲೋಟ ಬಿದ್ದರೆ ಆ ಕಡೆ ಮಕ್ಕಳು ನಗುತ್ತಿದ್ದರು. ಆ ಕಡೆ ಮೇಡಂ ಗಾಳಿ ಹೇಗೆ ಹುಟ್ಟುತ್ತದೆ ಎಂದು ಪಾಠ ಮಾಡಿದರೆ ಈ ಕಡೆಯಿಂದ ಅತ್ತೆ, "ಹುಟ್ಟಿದ್ದು ಸಾಕು, ಎಲ್ಲಿ ಸಾಯುತ್ತೆ ಅಂತ ಹೇಳಿ ತಾಯಿ" ಎನ್ನುತ್ತಿದ್ದರು.

ಗಂಡ ಹೆಂಡತಿ ಇಬ್ಬರೂ ಮಾನವಂತರು. ಪಾಠ ನಡೆಯುವಾಗ ಜಗಳವಾಡುವುದಿಲ್ಲ ಎಂದು ಮೊದಲ ವಾರದಲ್ಲೇ ತೀರ್ಮಾನವಾಯಿತು. ಆದರೆ ಜಗಳವಾಡದೆ ಇರುವುದೂ ಸಾಧ್ಯವಿರಲಿಲ್ಲ. ಮೂರು ಜನ, ಒಂದು ಕೋಣೆ, ಒಂದೇ ಸ್ಟವ್ವು. ಹಾಗಾಗಿ ಜಗಳ ಬೆಲ್ಲಿಗೆ ಹೊಂದಿಕೊಂಡಿತು. ಅವಧಿ ಮುಗಿದ ಬೆಲ್ಲು ಹೊಡೆದು, ಒಂದು ತರಗತಿ ಹೊರಗೆ ನುಗ್ಗಿ ಇನ್ನೊಂದು ಒಳಗೆ ಬರುವ ಗದ್ದಲದಲ್ಲಿ ಹೆಂಡತಿ ಬಾಯಿ ಬಿಡುತ್ತಿದ್ದಳು. ಮತ್ತೆ ಬೆಲ್ಲು ಹೊಡೆದರೆ ಅರ್ಧ ಮಾತಿಗೆ ನಿಲ್ಲಿಸುತ್ತಿದ್ದಳು. ಉಳಿದರ್ಧ ಮುಂದಿನ ಬಿಡುವಿಗೆ. ಮಧ್ಯೆ ಹೊಸ ವಿಷಯ ಹುಟ್ಟಿದರೂ ಹಳೆಯದು ಮುಗಿದ ಮೇಲೆಯೇ ಅದಕ್ಕೆ ಸರದಿ.

"ನನಗೆ ಬಂಗಾರ ಬೇಡ, ಸೀರೆ ಬೇಡ," ಎಂದಳು ಒಂದು ಬಿಡುವಿನಲ್ಲಿ. "ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಜಗಳ ಆಡೋಕೆ ಒಂದು ಮನೆ ಬೇಕು ಕಣ್ರೀ."

ಆ ಮನೆ ಸರ್ಕಾರದ ಕೈಯಲ್ಲಿತ್ತು. ಬಿರುಗಾಳಿಯಲ್ಲಿ ಹಾಳಾದ ಕಟ್ಟಡಗಳ ರಿಪೇರಿಗೆ ಸರ್ಕಾರ ಅನುದಾನ ಕೊಡುವುದೆಂದು ಆಗಿತ್ತು. ವಿಶ್ವವಿದ್ಯಾಲಯ ಅರ್ಜಿ ಹಾಕಿತ್ತು, ಫೋಟೋ ಕಳಿಸಿತ್ತು. ಫೋಟೋ ಯಾವ ಕಟ್ಟಡದ್ದಾದರೂ ಇರಬಹುದು, ನಾವೇ ಬಂದು ಕಣ್ಣಾರೆ ನೋಡುತ್ತೇವೆ ಎಂದು ಸರ್ಕಾರ ಹೇಳಿತು. ಕಂಡದ್ದಕ್ಕೆ ಹಣ, ಕಾಣದ್ದಕ್ಕೆ ಇಲ್ಲ.

ಹೀಗೆ ಕಾಯುತ್ತಿರುವಾಗ ಒಂದು ದಿನ ಕುಲಸಚಿವರಿಗೆ ಫೋನು ಬಂತು. ಮುಂದಿನ ವಾರ ತಂಡ ಬರುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಯಾರೂ ದಡ್ಡರಲ್ಲ. ಆದರೆ 'ತಂಡ ಬರುತ್ತದೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈ ವಿಶ್ವವಿದ್ಯಾಲಯದ ಮೈ ತನ್ನಷ್ಟಕ್ಕೆ ಎದ್ದು ಓಡಾಡಲು ಶುರುಮಾಡುತ್ತದೆ. ಕುಲಸಚಿವರ ಕಚೇರಿಯಲ್ಲಿ ಇಂಥ ಭೇಟಿಗಳಿಗೆಂದೇ ಒಂದು ಸುತ್ತೋಲೆ ಇದೆ. ದಿನಾಂಕ ಬದಲಿಸಿ ಕಳಿಸುವುದಷ್ಟೇ ಕೆಲಸ. ಅವತ್ತೂ ಹೋಯಿತು. ಮಾಲಿ ಕುಂಡಗಳನ್ನು ತೊಳೆದ. ರತ್ನಗಂಬಳಿ ಬಿಸಿಲಿಗೆ ಬಂತು. ರಸಾಯನಶಾಸ್ತ್ರದ ಗೋಡೆಯ ಬಿರುಕಿನ ಮುಂದೆ ಎತ್ತರದ ಗಿಡಗಳ ಸಾಲು ನಿಂತಿತು. ಸುಣ್ಣಪ್ಪ ಓಡಿಬಂದು ಕೈಕಟ್ಟಿ ನಿಂತ.

"ಎತ್ತರ ಎಷ್ಟು ಸಾರ್?"

"ಗೊತ್ತಿಲ್ಲಯ್ಯ. ಸರ್ಕಾರದ ತಂಡ, ಎಷ್ಟು ಎತ್ತರ ಬೇಕಾದ್ರೂ ಇರಬಹುದು. ಈ ಸಲ ಮೇಲಿನ ತನಕ ಹೊಡಿ."

ಮೇಲಿನ ತನಕ! ಸುಣ್ಣಪ್ಪ ಜೀವಮಾನವಿಡೀ ಕಾದಿದ್ದ ಮಾತು ಅದು. ಅವನಿಗೆ ಮತ್ತೇನೂ ಕೇಳಿಸಲಿಲ್ಲ.

ರಸಾಯನಶಾಸ್ತ್ರದ ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಎರಡು ಕೋಟು ಬಣ್ಣ ಹೊಡೆದ. ಗಿಡಗಳ ಅಗತ್ಯವೇ ಉಳಿಯಲಿಲ್ಲ. ಗ್ರಂಥಾಲಯದ ಮಹಡಿಯಲ್ಲಿ ಕಿಟಕಿಗಳಿದ್ದ ಜಾಗಕ್ಕೆ ವಿಶ್ವವಿದ್ಯಾಲಯದ ಇಂಜಿನಿಯರ್ ಸಾಹೇಬರು ಹಾರ್ಡ್‌ಬೋರ್ಡು ಹೊಡೆಸಿದ್ದರು. ಅದಕ್ಕೆ ಗೋಡೆಯ ಬಣ್ಣ ಬಳಿ ಎಂದಿದ್ದರು. ಸುಣ್ಣಪ್ಪ ಬ್ರಷ್ಷು ಹಿಡಿದು ನಿಂತ. ಮೊದಲು ಸಂಜೆಯ ಬೆಳಕು ಓರೆಯಾಗಿ ಓದುವ ಮೇಜುಗಳ ಮೇಲೆ ಬೀಳುತ್ತಿದ್ದದ್ದು ಅಲ್ಲಿಂದಲೇ, ಈಗ ಅಲ್ಲಿ ಕಿಟಕಿ ಇಲ್ಲದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಮೊದಲು ಚೌಕಟ್ಟು ಬರೆದ. ಚೌಕಟ್ಟು ಬಂದ ಮೇಲೆ ಗಾಜು ಬೇಕೆನಿಸಿತು. ಗಾಜು ಬಂದ ಮೇಲೆ ಅದರಾಚೆ ಒಂದು ತುಂಡು ಆಕಾಶ. ಕೊನೆಗೆ ಅರ್ಧ ಸರಿಸಿದ ಕೆನೆಬಣ್ಣದ ಪರದೆ, ಅದರ ಮಡಿಕೆ, ಮಡಿಕೆಯ ನೆರಳು. ಗೋಡೆಯಲ್ಲದ ಏನನ್ನಾದರೂ ಅವನು ಬರೆದದ್ದು ಅದೇ ಮೊದಲು.

ಅತ್ತೆಯನ್ನು ಕೈಹಿಡಿದು ಮಹಡಿ ಹತ್ತಿಸಿ ತೋರಿಸಿದ. ಅವರು ಪರದೆಯ ಹತ್ತಿರ ಕೈ ಹಿಡಿದು ನೋಡಿದರು.

"ಗಾಳಿ ಬರಲ್ಲ ಅನ್ನೋದು ಬಿಟ್ರೆ ಅಪ್ಪಟ ಕಿಟಕಿ ಅಳಿಯಂದ್ರೇ."

ಹೊಗಳಿಕೆ ತಲೆಗೇರಿತು. ಉಳಿದ ಬಣ್ಣ ಹಿಡಿದು ಅವನು ನೇರ ಸಾಲುಮನೆಗಳಿಗೆ ಹೋದ. ಸೂರು ಹಾರಿದ ಮನೆಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿತ್ತು, ದೂರದಿಂದ ಕಣ್ಣಿಗೆ ಚುಚ್ಚುತ್ತಿತ್ತು. ಏಣಿ ಹಾಕಿ ಅದಕ್ಕೆ ಇಟ್ಟಿಗೆ ಕೆಂಪು ಬಳಿದ, ಹೆಂಚಿನ ಗೆರೆ ಎಳೆದ. ಒಳಗೂ ಸುಣ್ಣ ಹೊಡೆದು, ಮುರಿದ ಮಂಚ, ನೆನೆದ ಹಾಸಿಗೆಗಳನ್ನು ಹಿಂದೆ ಸಾಗಿಸಿದ. ರಸ್ತೆಯಿಂದ ನೋಡಿದರೆ ಈಗಷ್ಟೇ ಕಟ್ಟಿದ ಮನೆಗಳು.

ತಂಡ ಬರುವ ದಿನ ಬೆಳಿಗ್ಗೆ ಹೆಂಡತಿ ನೀರಿಗೆ ಬಂದವಳು ಅದನ್ನು ನೋಡಿ ಕೊಡ ಕೆಳಗಿಟ್ಟಳು.

"ಚೆನ್ನಾಗಿದೆ. ನಡೀರಿ, ಒಳಗೆ ಹೋಗಿ ಸಂಸಾರ ಮಾಡೋಣ."

"ಏನೇ ಅದು ಮಾತು?"

"ಬರೋರು ಏನು ನೋಡೋಕೆ ಬರ್ತಿದ್ದಾರೆ?"

"ಯೂನಿವರ್ಸಿಟಿ ನೋಡೋಕೆ."

"ಅದರಲ್ಲಿ ಏನು?"

ಸುಣ್ಣಪ್ಪ ಬಾಯಿ ತೆರೆದ. ಉತ್ತರ ಅಲ್ಲೇ ಇತ್ತು, ನಾಲಿಗೆಯ ತುದಿಯಲ್ಲಿ, ಎರಡು ಕೋಟು ಬಣ್ಣದ ಕೆಳಗೆ. ಅವನು ಬ್ರಷ್ಷು ಹಿಡಿದೇ ಇಂಜಿನಿಯರ್ ಸಾಹೇಬರಲ್ಲಿಗೆ ಓಡಿದ.

"ಸಾರ್, ಅವರು ಬರ್ತಿರೋದು ಒಡೆದುಹೋಗಿರೋದನ್ನ ನೋಡೋಕೆ ಅಲ್ವಾ?"

ಇಂಜಿನಿಯರ್ ಸಾಹೇಬರು ಟೈ ಕಟ್ಟಿಕೊಳ್ಳುತ್ತಿದ್ದರು. ಕೈ ಹಾಗೇ ನಿಂತಿತು. ಹೊಸ ಬಣ್ಣದ ಗೋಡೆಗಳನ್ನು ಒಂದೊಂದಾಗಿ ನೋಡಿದರು.

"ಬಣ್ಣ ಒಣಗಿದೆಯೇನಯ್ಯ?" ಎಂದರು ಸಣ್ಣ ದನಿಯಲ್ಲಿ.

"ಒಣಗಿದೆ ಸಾರ್. ಕಿಟಕಿಯ ಚಿಲಕ ಮಾತ್ರ ಬೆಳಿಗ್ಗೆ ಬರೆದೆ, ಹಸಿ ಇದೆ."

ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರನ್ ಕೇಳಿಸಿತು.

ತಂಡ ಎಂದರೆ ಒಬ್ಬ ಅಧಿಕಾರಿ ಮೇಡಂ, ಟೇಪು ಹಿಡಿದ ಒಬ್ಬ ಹಿರಿಯ ಸಹಾಯಕ. ಮೇಡಂ ಕುಳ್ಳಗಿದ್ದರು. ಛಾವಣಿಯವರೆಗಿನ ಅಷ್ಟೂ ಬಣ್ಣ ವ್ಯರ್ಥವಾಯಿತಲ್ಲ ಎಂದು ಸುಣ್ಣಪ್ಪನಿಗೆ ಅಂಥ ಹೊತ್ತಿನಲ್ಲೂ ಹೊಟ್ಟೆ ಉರಿಯಿತು. ಕುಲಸಚಿವರು ಹೂಗುಚ್ಛ ಕೊಟ್ಟರು. ಮೇಡಂ ಸುತ್ತ ನೋಡಿ, "ಬಹಳ ಅಚ್ಚುಕಟ್ಟಾಗಿ ಇಟ್ಕೊಂಡಿದ್ದೀರಿ" ಎಂದರು.

"ಎಲ್ಲಾ ತಮ್ಮ ಆಶೀರ್ವಾದ," ಎಂದು ಕುಲಸಚಿವರು ಹಿಗ್ಗಿದರು. ಪಕ್ಕದಲ್ಲಿ ಇಂಜಿನಿಯರ್ ಸಾಹೇಬರು ಅವರ ಕೋಟಿನ ತುದಿ ಜಗ್ಗುತ್ತಿದ್ದರು.

"ಬಿರುಗಾಳಿ ಬಂದಿದ್ದು ಈ ಊರಿಗೇ ತಾನೇ?"

ಕುಲಸಚಿವರ ಹಿಗ್ಗು ಅಲ್ಲೇ ಇಳಿಯಿತು. ಜಗ್ಗಿದ ಕೋಟಿನ ಅರ್ಥ ಆಗ ಅವರಿಗೆ ಹೊಳೆದಿರಬೇಕು.

ಗ್ರಂಥಾಲಯದ ಮಹಡಿಯಲ್ಲಿ ಸೆಖೆ ಇತ್ತು. ಮೇಡಂ ಹಣೆ ಒರೆಸಿಕೊಂಡರು.

"ಇಲ್ಲಿ ಕಿಟಕಿಗಳು ಹೋಗಿವೆ ಅಂತ ಬರೆದಿದ್ದೀರಿ."

"ಹೌದು ಮೇಡಂ, ಹೋಗಿವೆ," ಎಂದರು ಇಂಜಿನಿಯರ್.

"ಇವೆಯಲ್ಲ? ಪರದೆ ಕೂಡ ಇದೆ. ಪರದೆ ಬಹಳ ಚೆನ್ನಾಗಿದೆ. ಯಾರು ಆರಿಸಿದ್ದು?"

ಹಿಂದೆ ನಿಂತಿದ್ದ ಸುಣ್ಣಪ್ಪನ ಕಿವಿ ಕೆಂಪಾಯಿತು. ಅದು ನಾಚಿಕೆಯೋ ಸಂತೋಷವೋ ಅವನಿಗೂ ತಿಳಿಯಲಿಲ್ಲ.

"ಸ್ವಲ್ಪ ಆ ಕಿಟಕಿ ತೆಗೀರಿ. ಉಸಿರು ಕಟ್ಟುತ್ತೆ."

ಇಂಜಿನಿಯರ್ ಸಾಹೇಬರು ಹೋಗಿ ಚಿಲಕದ ಚಿತ್ರದ ಮುಂದೆ ಕೈಯಾಡಿಸಿ, ಹಲ್ಲು ಕಚ್ಚಿ ಎಳೆಯುವ ಹಾಗೆ ಮಾಡಿ, "ಜಾಮ್ ಆಗಿದೆ ಮೇಡಂ" ಎಂದರು.

"ಬಿಡಿ, ನಾನು ನೋಡ್ತೀನಿ."

ಮೇಡಂ ಚಿಲಕಕ್ಕೆ ಕೈ ಹಾಕಿದರು. ಕೈ ವಾಪಸ್ಸು ಬಂದಾಗ ಮೂರು ಬೆರಳು ಹಿತ್ತಾಳೆ ಬಣ್ಣವಾಗಿತ್ತು. ಅವರು ಬೆರಳನ್ನು ನೋಡಿದರು, ಕಿಟಕಿಯನ್ನು ನೋಡಿದರು, ಆಮೇಲೆ ಕುಲಸಚಿವರನ್ನು ನೋಡಿದರು.

"ನಾನೇ ಬರೆದಿದ್ದು ತಾಯಿ," ಎಂದ ಸುಣ್ಣಪ್ಪ. "ಮಾಡಬಾರದಿತ್ತು. ಆದ್ರೆ ಕಿಟಕಿ ಹೋಗಿದ್ದು ನಿಜ." ಬೋರ್ಡಿನ ಮೂಲೆಗೆ ಉಳಿ ಹಾಕಿ ಎಳೆದ. ಅವನ ಆಕಾಶ ನಡುವೆ ಸೀಳಿತು. ಆಚೆಯ ಆಕಾಶದಿಂದ ಗಾಳಿ ಬಂದು ಮೇಡಮ್ಮಿನ ಕಾಗದಗಳನ್ನು ಹಾರಿಸಿತು.

ಅಷ್ಟಕ್ಕೇ ಸರಿಹೋಗಿದ್ದರೆ ಸಾಕಿತ್ತು. ಆದರೆ ಒಮ್ಮೆ ಮೋಸಹೋದ ಕಣ್ಣು ಮತ್ತೆ ಸುಲಭಕ್ಕೆ ನಂಬುವುದಿಲ್ಲ. ರಸಾಯನಶಾಸ್ತ್ರದಲ್ಲಿ ಪುಟ್ಟಿ ಕೆರೆದು ಬಿರುಕು ತೋರಿಸಿದಾಗ ಮೇಡಂ ಅದರ ಮೇಲೆ ಬೀಗದ ಕೈಯಿಂದ ಗೀರಿ ನೋಡಿದರು.

"ಇದನ್ನೂ ನೀವೇ ಬರೆದಿದ್ದಾ?"

"ಬಿರುಕು ಬರೆಯೋದು ಕಿಟಕಿಗಿಂತ ಕಷ್ಟ ತಾಯಿ, ನನಗೆ ಅಷ್ಟು ಬರಲ್ಲ," ಎಂದ ಸುಣ್ಣಪ್ಪ ವಿನಯದಿಂದ. ಸಹಾಯಕ ಬಿರುಕಿನೊಳಗೆ ಟೇಪಿನ ತುದಿ ತೂರಿಸಿದ, ಅದು ಆಚೆ ಬಂದ ಮೇಲೆಯೇ ಮೇಡಂ ಬರೆದುಕೊಂಡದ್ದು.

ಸಾಲುಮನೆಗಳ ಹತ್ತಿರ ಮಾತ್ರ ಟೇಪು ಉಪಯೋಗಕ್ಕೆ ಬರಲಿಲ್ಲ. ಕೆಂಪು ಟಾರ್ಪಾಲು ಎತ್ತಿ ತೋರಿಸಿದರು. ಮೇಡಂ ಬಾಗಿಲಲ್ಲಿ ಇಣುಕಿದರು. ಬೆಳ್ಳನೆಯ ಗೋಡೆ, ಖಾಲಿ ನೆಲ. ಒಂದು ಮೊಳೆಯಿಲ್ಲ, ಒಂದು ಮಸಿಯ ಕಲೆಯಿಲ್ಲ.

"ಇಲ್ಲಿ ಯಾರೂ ವಾಸ ಇದ್ದ ಹಾಗಿಲ್ಲ. ಪಾಳುಬಿದ್ದ ಮನೆಗಳಿಗೆ ಈ ಅನುದಾನ ಇಲ್ಲ. ಇದ್ದವರು ಈಗ ಎಲ್ಲಿದ್ದಾರೆ?"

"ನೆಂಟರ ಮನೆಗಳಲ್ಲಿ," ಎಂದರು ಕುಲಸಚಿವರು. ಹೇಳುತ್ತಲೇ ಸುಣ್ಣಪ್ಪನ ಕಡೆ ಕಣ್ಣು ಬಿಟ್ಟರು. ಸುಣ್ಣಪ್ಪನಿಗೆ ಅರ್ಥವಾಯಿತು. ನಕಾಶೆ ಕೋಣೆಯಲ್ಲಿದ್ದೇವೆ ಎಂದರೆ ಇವತ್ತೇ ಅಲ್ಲಿಂದ ಹೊರಗೆ ಹಾಕುತ್ತಾರೆ. ಎನ್ನದಿದ್ದರೆ ಈ ಮನೆಗೆ ಎಂದೂ ಸೂರು ಬರುವುದಿಲ್ಲ. ಅವನು ಎರಡನ್ನೂ ತೂಗಿ ನೋಡುವಷ್ಟರಲ್ಲಿ ಮೇಡಂ ವರದಿಯಲ್ಲಿ ಸಾಲುಮನೆಗಳ ಹೆಸರಿಗೆ ಅಡ್ಡಗೆರೆ ಎಳೆದಾಗಿತ್ತು.

ಚಹಾಕ್ಕೆ ಭೂಗೋಳದ ತರಗತಿಗೆ ಕರೆದುಕೊಂಡು ಹೋದರು, ಒಳ್ಳೆಯ ಮೇಜು ಇದ್ದದ್ದು ಅಲ್ಲಿ. ಅಧಿಕಾರಿ ಮೇಡಂ ಕೂತು, ವರದಿಗೆ ಸಹಿ ಹಾಕುವ ಮೊದಲು ಸುಣ್ಣಪ್ಪನನ್ನು ಕರೆದರು. "ಕಿಟಕಿ ತೆಗೀರಿ. ಇದು ನಿಜವಾದದ್ದು ತಾನೇ?"

ಅವನು ಕಿಟಕಿ ತೆರೆಯುತ್ತಿದ್ದಾಗ ಬೆಲ್ಲು ಹೊಡೆಯಿತು.

ಅಡ್ಡಗೋಡೆಯ ಆಚೆ, ತಂಡ ಹೋಗುವವರೆಗೆ ಉಸಿರೆತ್ತಬಾರದು ಎಂಬ ಅಪ್ಪಣೆ ಪಡೆದು ಅತ್ತೆ ಮತ್ತು ಹೆಂಡತಿ ಪ್ರಪಂಚದ ಪಟದ ಕೆಳಗೆ ಕೂತಿದ್ದರು. ಅವರಿಗೆ ಕಾಣಿಸಿದ್ದೇನೂ ಇಲ್ಲ. ಕಲಸಿದ ಮಾತುಗಳ ನಡುವೆ ಹೆಂಡತಿ ಗುರುತು ಹಿಡಿದದ್ದು ಎರಡು: ಗಂಡನ ಚಪ್ಪಲಿಯ ಸದ್ದು ಮತ್ತು ಬಿಡುವಿನ ಬೆಲ್ಲು. ಅಷ್ಟು ದಿನದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

"ಬಂದ್ರಾ? ಹೊಡೆದದ್ದು ಸಾಕಾಯ್ತಾ ಬಣ್ಣ? ತಲೆ ಮೇಲೆ ಸೂರಿಲ್ಲ ಅಂತ ಬಂದೋರಿಗೆ ಒಂದು ಮಾತು ಹೇಳಿದ್ರಾ, ಇಲ್ಲ ಹಲ್ಲು ಕಿರಿದು ನಿಂತ್ರಾ? ನಮ್ಮ ಮನೇನ ನೀವೇ ಅಳಿಸಿ ಹಾಕಿಬಿಟ್ರಲ್ರೀ! ಅಡುಗೆ ಮೂಲೆ ಮಸಿ, ನಾನು ಮೊಳೆ ಹೊಡೆದ ಜಾಗ, ಒಂದಾದ್ರೂ ಬಿಟ್ರಾ? ಇನ್ನು ಎಷ್ಟು ದಿನ ನಾನು ಈ ನಕಾಶೆ ಮಧ್ಯೆ ಒಲೆ ಹಚ್ಚಲಿ? ಬೆಲ್ಲು ಹೊಡೆದಾಗ ಬಾಯಿ ಬಿಡಬೇಕು, ಬೆಲ್ಲು ಹೊಡೆದಾಗ ಮುಚ್ಚಬೇಕು, ನಾನೇನು ಹೆಂಡತೀನಾ, ಸ್ಕೂಲ್ ಹುಡುಗೀನಾ?"

"ಮೆಲ್ಲಗೆ ಕಣೇ," ಎಂದರು ಅತ್ತೆ. "ಅಳಿಯಂದಿರಿಗೆ ಕಿವಿ ಚೆನ್ನಾಗಿದೆ, ಬುದ್ಧಿ ತಾನೇ ಕಡಿಮೆ."

ಈ ಕಡೆ ಕುಲಸಚಿವರು ಚಹಾದ ಕಪ್ಪನ್ನು ತಟ್ಟೆಯ ಮೇಲಿಡಲು ಜಾಗ ಹುಡುಕುತ್ತಿದ್ದರು. ಸುಣ್ಣಪ್ಪ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ನಿಂತುಬಿಟ್ಟಿದ್ದ.

ಅಧಿಕಾರಿ ಮೇಡಂ ಎದ್ದು ಹೋಗಿ ಅಡ್ಡಗೋಡೆಯ ಬಾಗಿಲು ತೆಗೆದರು. ಹಗ್ಗದ ಮೇಲೆ ಸೀರೆ, ಗೋಳದ ಮೇಲೆ ಕನ್ನಡಕ, ಸುತ್ತಿಟ್ಟ ಮೂರು ಹಾಸಿಗೆ. ಸುಣ್ಣಪ್ಪನ ಹೆಂಡತಿ ಮುಖಕ್ಕೆ ಸೆರಗು ಒತ್ತಿಕೊಂಡಳು. ಅತ್ತೆ ಮಾತ್ರ, "ಬಾಮ್ಮ, ಕೂತ್ಕೋ. ಆ ಮಣೆ ಸರಿಸ್ಕೊ" ಎಂದರು.

ಮೇಡಂ ನಿಜಕ್ಕೂ ಕೂತರು. ಎಷ್ಟು ದಿನದಿಂದ, ಮನೆ ಯಾವುದು, ಮೊಳೆ ಎಲ್ಲಿತ್ತು, ಎಲ್ಲ ಕೇಳಿದರು. ಹೆಂಡತಿ ಸೆರಗಿನೊಳಗಿಂದಲೇ ಹೇಳಿದಳು. ನಡುವೆ ಮತ್ತೆ ಬೆಲ್ಲು ಹೊಡೆದು ಅವಳು ಅರ್ಧ ಮಾತಿಗೆ ತಟ್ಟನೆ ನಿಂತಾಗ ಮೇಡಮ್ಮಿಗೆ ನಗು ತಡೆಯಲಾಗಲಿಲ್ಲ. "ಹೇಳಮ್ಮ, ಇವತ್ತು ಪಾಠ ಇಲ್ಲ" ಎಂದರು.

ಹೊರಗೆ ಬಂದು ಕುಲಸಚಿವರಿಗೆ ಹೇಳಿದ್ದು ಇಷ್ಟೇ: "ನಿಮ್ಮ ಗೋಡೆಗಳನ್ನ ನಾನು ನಂಬಲ್ಲ ಸಾರ್. ಈ ಜಗಳಾನ ನಂಬ್ತೀನಿ." ಸಾಲುಮನೆಗಳಿಗೆ ಎಳೆದಿದ್ದ ಅಡ್ಡಗೆರೆಯನ್ನೇ ಇನ್ನೊಂದು ಗೆರೆಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಏನೋ ಬರೆದರು. "ಸೂರು ಆಗೋ ತನಕ ಇವರು ಇಲ್ಲೇ ಇರಲಿ. ನಾನು ಈ ಕೋಣೆಗೆ ಬಂದಿಲ್ಲ."

"ನಾನೂ ಬಂದಿಲ್ಲ ಮೇಡಂ," ಎಂದರು ಕುಲಸಚಿವರು, ಗಾಬರಿಯಲ್ಲೇ.

ಅನುದಾನ ಬಂತು, ಒಂದೇ ಸಲಕ್ಕಲ್ಲ. ರಸಾಯನಶಾಸ್ತ್ರದ ಗೋಡೆಗೆ ಇನ್ನೂ ಊರುಗೋಲು ಕೊಟ್ಟಿದೆ. ಗ್ರಂಥಾಲಯದ ಕಿಟಕಿಗಳು ಒಂದು ಬಿಟ್ಟು ಎಲ್ಲ ಬಂದಿವೆ. ಬಾಕಿ ಇರುವ ಜಾಗಕ್ಕೆ ಸೀಳಿದ ಆ ಬೋರ್ಡನ್ನೇ ಜೋಡಿಸಿ ಬಡಿದಿದ್ದಾರೆ. ಮಧ್ಯಾಹ್ನ ಓದಲು ಬರುವ ಮಕ್ಕಳು ಅದರ ಕೆಳಗಿನ ಮೇಜಿಗೇ ಜಗಳವಾಡುತ್ತಾರೆ, ಯಾಕೆಂದು ಕೇಳಿದರೆ ಅಲ್ಲಿ ಬೆಳಕು ಚೆನ್ನಾಗಿದೆ ಎನ್ನುತ್ತಾರೆ.

ಸಾಲುಮನೆಗಳಿಗೆ ಮೊದಲ ಕಂತಿನಲ್ಲೇ ಸೂರು ಬಿತ್ತು. ಮನೆಗೆ ವಾಪಸ್ಸಾದ ದಿನ ಸುಣ್ಣಪ್ಪನ ಹೆಂಡತಿ ಮೊದಲು ಅಡುಗೆ ಮೂಲೆಯಲ್ಲಿ ಒಂದು ಮೊಳೆ ಹೊಡೆದಳು, ಗೋಡೆಯ ಸುಣ್ಣ ಉದುರಿತು. ಸುಣ್ಣಪ್ಪ ಏನೋ ಹೇಳಲು ಹೋದ. ಅವಳು ಬಾಗಿಲು ಹಾಕಿ, ಅಗಳಿ ಹಾಕಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಳು.

"ಈಗ ಹೇಳಿ. ಆವತ್ತು ಅಷ್ಟು ಬಣ್ಣ ಬಳಿಯೋ ಮುಂಚೆ ನನ್ನನ್ನ ಒಂದು ಮಾತು..."

ದೂರದಲ್ಲಿ ವಿಶ್ವವಿದ್ಯಾಲಯದ ಬೆಲ್ಲು ಹೊಡೆಯಿತು. ಅವಳು ನಿಂತಳು. ಅವನೂ ಬಾಯಿ ಮುಚ್ಚಿದ. ಇಬ್ಬರೂ ಮುಖ ಮುಖ ನೋಡಿಕೊಂಡು, ಹೊಸ ಸೂರಿನ ಕೆಳಗೆ, ಯಾವುದೋ ಪಾಠ ಮುಗಿಯಲಿ ಎನ್ನುವಂತೆ ಕಾಯುತ್ತ ನಿಂತರು.

ಒಳಗಿನಿಂದ ಅತ್ತೆ ಕೂಗಿದರು: "ಅಳಿಯಂದ್ರೇ, ನನ್ನ ಕನ್ನಡಕ ಎಲ್ಲಿ? ಇಲ್ಲಿ ಗೋಳ ಇಲ್ಲ, ಯಾವ ದೇಶದಲ್ಲಿ ಹುಡುಕಲಿ?"